ಕೊಂಡಿ ಮತ್ತು ಮರಳುವಿಕೆ: ಹೈಪರ್‌ಟೆಕ್ಸ್ಟ್ ಮೂಲಕ ತರಗತಿಯಲ್ಲಿ ಒಂದು ವಚನದ ಓದು

1

ಕನ್ನಡ ತರಗತಿಯಲ್ಲಿ ಒಂದು ಪದ್ಯವನ್ನು ಓದಿಸುವ ಕ್ರಮವೊಂದು ನಮ್ಮಲ್ಲಿ ಬಹುಕಾಲದಿಂದ ನೆಲೆನಿಂತಿದೆ. ಮೊದಲು ವಾಚನ, ಅನಂತರ ಪದಚ್ಛೇದ, ಪ್ರತಿಪದಾರ್ಥ, ಅನ್ವಯ, ಕೊನೆಗೆ ತಾತ್ಪರ್ಯ. ಹಳಗನ್ನಡ ಕಾವ್ಯದ ಬೋಧನೆಗಾಗಿ ರೂಪುಗೊಂಡ ಈ ಕ್ರಮಕ್ಕೆ ತನ್ನದೇ ಆದ ಶಿಸ್ತಿದೆ. ಆದರೆ ವಚನವು ಪಠ್ಯವಾದಾಗ ಈ ಶಿಸ್ತು ಸಡಿಲಗೊಳ್ಳುತ್ತದೆ. ವಚನದ ಭಾಷೆ ನಮಗೆ ಹತ್ತಿರದ್ದೆಂದು ತೋರುವುದರಿಂದ ಅಧ್ಯಾಪಕನೂ ವಿದ್ಯಾರ್ಥಿಯೂ ನಡುವಿನ ಹಂತಗಳನ್ನು ಹಾರಿ ನೇರವಾಗಿ ತಾತ್ಪರ್ಯಕ್ಕೆ ಬಂದುಬಿಡುತ್ತಾರೆ. ಹಾಗೆ ಬಂದ ತಾತ್ಪರ್ಯವು ಬಹುಮಟ್ಟಿಗೆ ವಚನವನ್ನು ಓದುವ ಮುನ್ನವೇ ಗೊತ್ತಿದ್ದ ಒಂದು ನೀತಿವಾಕ್ಯವಾಗಿರುತ್ತದೆ. ಆಡಂಬರ ಸಲ್ಲದು, ಅಂತರಂಗಶುದ್ಧಿ ಮುಖ್ಯ, ದೇಹವನ್ನು ದೇವಾಲಯವೆಂದು ತಿಳಿಯಬೇಕು ಎಂಬಂತಹ ಹೇಳಿಕೆಗಳನ್ನು ಬರೆಯಲು ವಚನವನ್ನು ಓದಬೇಕಾದ ಅಗತ್ಯವೇ ಇಲ್ಲ. ಎಂಟು ಶತಮಾನಗಳನ್ನು ದಾಟಿ ಬಂದ ಮಾತೊಂದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹೀಗೆ ಕರಗಿಹೋಗುವುದನ್ನು ಕಂಡವರಿಗೆ, ಓದಿಸುವ ಕ್ರಮವನ್ನೇ ಮತ್ತೆ ಯೋಚಿಸಬೇಕೆನ್ನಿಸುವುದು ಸಹಜ.

ಹೈಪರ್‌ಟೆಕ್ಸ್ಟ್ ಎಂಬ ಪಠ್ಯಕ್ರಮವು ಈ ಸಂದರ್ಭದಲ್ಲಿ ನೆರವಿಗೆ ಬರಬಲ್ಲುದೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಪ್ರಶ್ನೆಯನ್ನು ತಂತ್ರಜ್ಞಾನದ ಉತ್ಸಾಹದಿಂದಾಗಲಿ, ಅದರ ಮೇಲಿನ ಗುಮಾನಿಯಿಂದಾಗಲಿ ಎತ್ತುತ್ತಿಲ್ಲ. ಕೊಂಡಿಗಳಿಂದ ಕೂಡಿದ ಪಠ್ಯವು ಓದುಗನನ್ನು ಕೃತಿಯಿಂದ ಹೊರಗೆ ಒಯ್ಯುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಕೃತಿಯಿಂದ ಹೊರಟು ಕೃತಿಗೇ ಮರಳಿಸುವ ಕೊಂಡಿಗಳೂ ಉಂಟು. ಈ ಎರಡು ಬಗೆಯ ಕೊಂಡಿಗಳ ವ್ಯತ್ಯಾಸವನ್ನು ಗುರುತಿಸುವುದೇ ಸಾಹಿತ್ಯ ವಿಮರ್ಶೆಯ ಕೆಲಸ ಎಂಬುದು ಇಲ್ಲಿಯ ವಾದ. ಈ ವಾದವನ್ನು ಬಸವಣ್ಣನವರ ಒಂದೇ ಒಂದು ವಚನವನ್ನು ಮುಂದಿಟ್ಟುಕೊಂಡು ಪರಿಶೀಲಿಸಲಾಗಿದೆ. ಶಿವಾಲಯ ಮಾಡಿಸುವ ಸಿರಿವಂತರನ್ನು ಒಂದೆಡೆಗೂ ತನ್ನ ಮೈಯನ್ನೇ ಗುಡಿಯಾಗಿ ಕಾಣುವ ಬಡವನನ್ನು ಇನ್ನೊಂದೆಡೆಗೂ ಇಟ್ಟು, ಸ್ಥಾವರ ಜಂಗಮಗಳ ಮಾತಿನಿಂದ ಮುಗಿಯುವ ಆ ಸುಪ್ರಸಿದ್ಧ ವಚನವನ್ನು ಓದುಗರು ಬಲ್ಲರು.

2

ಹೈಪರ್‌ಟೆಕ್ಸ್ಟ್‌ನ ಕಲ್ಪನೆ ಗಣಕಯಂತ್ರದ ಪರದೆಗಿಂತ ಹಳೆಯದು. 1945ರಲ್ಲಿ ಅಮೆರಿಕದ ವಿಜ್ಞಾನಿ ವನ್ನೆವರ್ ಬುಷ್ ‘ಮೆಮೆಕ್ಸ್’ ಎಂಬ ಯಂತ್ರವೊಂದನ್ನು ಕಲ್ಪಿಸಿ ಬರೆದನು. ಮನುಷ್ಯನ ಮನಸ್ಸು ಅಕಾರಾದಿ ಕ್ರಮದಲ್ಲಿ ಯೋಚಿಸುವುದಿಲ್ಲ, ಸಾಹಚರ್ಯದಿಂದ ಯೋಚಿಸುತ್ತದೆ, ಆದ್ದರಿಂದ ಗ್ರಂಥಗಳನ್ನೂ ಹಾಗೆಯೇ ಒಂದಕ್ಕೊಂದು ಜೋಡಿಸಲು ಸಾಧ್ಯವಾಗಬೇಕು ಎಂಬುದು ಅವನ ಆಶಯವಾಗಿತ್ತು. ‘ಹೈಪರ್‌ಟೆಕ್ಸ್ಟ್’ ಎಂಬ ಪದವನ್ನು ಟೆಡ್ ನೆಲ್ಸನ್ 1965ರಲ್ಲಿ ಬಳಕೆಗೆ ತಂದನು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ಯೋಜನೆಯಿಂದ ಈ ಕಲ್ಪನೆ ಜಗತ್ತನ್ನೆಲ್ಲ ವ್ಯಾಪಿಸಿತು.

ಸಾಹಿತ್ಯದ ಓದಿಗೆ ಸಂಬಂಧಿಸಿದಂತೆ ಇದಕ್ಕಿಂತ ಮುಖ್ಯವಾದುದು ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1970ರಲ್ಲಿ ಪ್ರಕಟಿಸಿದ ‘ಎಸ್/ಝೆಡ್’ ಎಂಬ ಕೃತಿ. ಬಾಲ್ಜಾಕ್‌ನ ‘ಸರಾಸೀನ್’ ಎಂಬ ಒಂದು ಕಥೆಯನ್ನು ಅವನು 561 ತುಣುಕುಗಳಾಗಿ ಬಿಡಿಸಿ, ಪ್ರತಿಯೊಂದು ತುಣುಕನ್ನೂ ನಿಲ್ಲಿಸಿ ಓದಿದನು. ಆ ತುಣುಕುಗಳಿಗೆ ಅವನು ಕೊಟ್ಟ ಹೆಸರು ‘ಲೆಕ್ಸಿಯಾ’. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ‘ಇಂಟರ್‌ಮೀಡಿಯಾ’ ಎಂಬ ವ್ಯವಸ್ಥೆಯ ಮೂಲಕ ಕಲಿಸಿದ ಜಾರ್ಜ್ ಲ್ಯಾಂಡೋ 1992ರ ತನ್ನ ‘ಹೈಪರ್‌ಟೆಕ್ಸ್ಟ್’ ಗ್ರಂಥದಲ್ಲಿ ಇದೇ ಪದವನ್ನು ಎತ್ತಿಕೊಂಡು, ಕೊಂಡಿಗಳಿಂದ ಜೋಡಣೆಗೊಂಡ ಪಠ್ಯಭಾಗಗಳಿಗೆ ಅನ್ವಯಿಸಿದನು. ಓದುಗನು ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವುದರಿಂದ ಲೇಖಕ ಮತ್ತು ಓದುಗರ ನಡುವಣ ಅಂತರ ಕಿರಿದಾಗುತ್ತದೆ ಎಂಬುದು ಲ್ಯಾಂಡೋನ ಪ್ರಮುಖ ಪ್ರಮೇಯ.

ಈ ಪ್ರಮೇಯವನ್ನು ಹಾಗೆಯೇ ಒಪ್ಪಲಾಗದು. ಕೊಂಡಿಗಳನ್ನು ಇನ್ನಾರೋ ಮೊದಲೇ ಇಟ್ಟಿರುವಾಗ ಓದುಗನು ಆರಿಸಿಕೊಳ್ಳುವುದು ಬೇರೆಯವರು ತೆರೆದಿಟ್ಟ ಬಾಗಿಲುಗಳನ್ನು ಮಾತ್ರ. ಯಾವ ಪದಕ್ಕೆ ಕೊಂಡಿ ಇದೆಯೋ ಅದು ಮುಖ್ಯ, ಇಲ್ಲದ್ದು ಅಮುಖ್ಯ ಎಂಬ ತೀರ್ಪು ಮೌನವಾಗಿ ಅಲ್ಲಿ ನಡೆದುಹೋಗಿರುತ್ತದೆ. ಬಾರ್ತ್ ಮತ್ತು ಅವನ ಹೆಸರನ್ನು ಹೇಳುವ ಹೈಪರ್‌ಟೆಕ್ಸ್ಟ್‌ವಾದಿಗಳ ನಡುವಣ ವ್ಯತ್ಯಾಸವೂ ಇಲ್ಲಿಯೇ ಇದೆ. ಬಾರ್ತ್ ಕಥೆಯನ್ನು ತಾನೇ ತುಂಡರಿಸಿದನು. ಎಲ್ಲಿ ಕತ್ತರಿಸಬೇಕು ಎಂಬ ನಿರ್ಧಾರವೇ ಅವನ ಓದಾಗಿತ್ತು. ತರಗತಿಗೆ ಉಪಯೋಗವಾಗಬೇಕಾದುದು ಈ ಎರಡನೆಯ ಪಾಠ. ಸಿದ್ಧವಾದ ಕೊಂಡಿಗಳನ್ನು ಒತ್ತುವ ವಿದ್ಯಾರ್ಥಿ ಮಾಹಿತಿಯನ್ನು ಪಡೆಯುತ್ತಾನೆ. ಕೊಂಡಿ ಎಲ್ಲಿರಬೇಕೆಂದು ನಿರ್ಧರಿಸುವ ವಿದ್ಯಾರ್ಥಿ ಓದುತ್ತಾನೆ.

3

ಕನ್ನಡಕ್ಕೆ ಇದು ಹೊರಗಿನಿಂದ ಬಂದ ವಿಚಾರವೇ ಎಂದು ಕೇಳಿಕೊಳ್ಳುವುದು ಉಚಿತ. ಪ್ರತಿಯೊಂದು ಪಾಶ್ಚಾತ್ಯ ಕಲ್ಪನೆಯೂ ನಮ್ಮಲ್ಲಿ ಮೊದಲೇ ಇತ್ತೆಂದು ಹೇಳುವ ಅಭ್ಯಾಸ ಅಪಾಯಕರ. ಆದರೂ ವಚನಗಳ ಸಂಕಲನ ಪರಂಪರೆಯಲ್ಲಿ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ ಎರಡು ಸಂಗತಿಗಳಿವೆ.

ಮೊದಲನೆಯದು ಸ್ಥಲಕಟ್ಟು. ಬಿಡಿಬಿಡಿಯಾಗಿದ್ದ ವಚನಗಳನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಹಂಚಿ ಜೋಡಿಸಿದಾಗ, ಪ್ರತಿ ವಚನಕ್ಕೂ ಸಾಧನೆಯ ಮಾರ್ಗದಲ್ಲಿ ಒಂದು ನೆಲೆ ದೊರೆಯಿತು. ಅಲ್ಲಿಂದಾಚೆಗೆ ಅದೇ ವಚನವನ್ನು ಆ ನೆಲೆಯನ್ನು ಬಿಟ್ಟು ಓದುವುದು ಸಂಪ್ರದಾಯಸ್ಥ ಓದುಗನಿಗೆ ಕಷ್ಟವಾಯಿತು. ಎರಡನೆಯದು ಶೂನ್ಯಸಂಪಾದನೆ. 15 ಮತ್ತು 16ನೆಯ ಶತಮಾನಗಳಲ್ಲಿ ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರ ನಂತರ ಒಬ್ಬರು ಸಂಪಾದಿಸಿದ ಈ ಕೃತಿಗಳಲ್ಲಿ ವಚನಗಳು ಸಂವಾದದ ಮಾತುಗಳಾಗುತ್ತವೆ. ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿರಬಹುದಾದ ವಚನಗಳು ಇಲ್ಲಿ ಪ್ರಶ್ನೆಯಾಗಿ, ಉತ್ತರವಾಗಿ, ಮರುಪ್ರಶ್ನೆಯಾಗಿ ನಿಲ್ಲುತ್ತವೆ. ಮುಕ್ತಾಯಕ್ಕನೊಡನೆ ಅಲ್ಲಮನ ವಾದ, ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗಿನ ಪರೀಕ್ಷೆ ಇವೆಲ್ಲ ಹೀಗೆ ಜೋಡಣೆಯಿಂದ ರೂಪುಗೊಂಡ ಪ್ರಸಂಗಗಳು. ವಚನದ ಒಂದಕ್ಷರವೂ ಬದಲಾಗದೆ ಅದರ ಅರ್ಥ ಬದಲಾಗುತ್ತದೆ, ಏಕೆಂದರೆ ಈಗ ಆ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ನಿಶ್ಚಿತವಾಗಿದೆ.

ಒಂದೇ ವಸ್ತುವಿಗೆ ನಾಲ್ಕು ಶೂನ್ಯಸಂಪಾದನೆಗಳಿರುವುದು ಗಮನಾರ್ಹ. ಹಿಂದಿನವರ ಜೋಡಣೆ ತಮಗೆ ಸಮ್ಮತವಾಗದಿದ್ದಾಗ ಮುಂದಿನವರು ಬೇರೆ ಜೋಡಣೆಯನ್ನು ಮಾಡಿದರು. ಅಂದರೆ ವಚನಗಳನ್ನು ಜೋಡಿಸುವುದು ಮಾಹಿತಿಯ ವ್ಯವಸ್ಥೆಯಲ್ಲ, ವ್ಯಾಖ್ಯಾನ. ಪ್ರತಿ ಕೊಂಡಿಯೂ ಒಂದು ವಾದ. ವಾದವಾದ್ದರಿಂದ ಅದನ್ನು ಒಪ್ಪಬಹುದು, ತಿರಸ್ಕರಿಸಬಹುದು. ಶೂನ್ಯಸಂಪಾದನೆಯನ್ನು ಹೈಪರ್‌ಟೆಕ್ಸ್ಟ್ ಎಂದು ಕರೆಯುವ ಅಗತ್ಯವಿಲ್ಲ. ಆದರೆ ಕೊಂಡಿಯನ್ನು ಹೇಗೆ ನೋಡಬೇಕೆಂಬುದನ್ನು ಅದರಿಂದ ಕಲಿಯಬಹುದು.

4

ಈಗ ನಮ್ಮ ವಚನಕ್ಕೆ ಬರೋಣ. ಒಮ್ಮೆ ಪದವಿ ತರಗತಿಯಲ್ಲಿ ಈ ವಚನವನ್ನು ಓದುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, ತಾನು ಹಾಡಲು ಕಲಿತ ಪಾಠದಲ್ಲಿ ಸಿರಿವಂತರು ಶಿವಾಲಯವನ್ನು ‘ಕಟ್ಟು’ತ್ತಾರೆ, ಪುಸ್ತಕದಲ್ಲಿ ‘ಮಾಡು’ತ್ತಾರೆ, ಯಾವುದು ಸರಿ ಎಂದು ಕೇಳಿದಳು. ಪುಸ್ತಕದ್ದು ಸರಿ ಎಂದು ಹೇಳಿ ಮುಂದೆ ಹೋಗುವುದು ಸುಲಭವಾಗಿತ್ತು, ನಾನು ಹಾಗೆಯೇ ಮಾಡಿದೆ. ಪ್ರಶ್ನೆ ಮಾತ್ರ ಉಳಿಯಿತು. ಗುಡಿಯನ್ನು ಕಟ್ಟುವುದು ಎಂಬುದೇ ಇಂದಿನ ಕನ್ನಡದ ಸಹಜ ಬಳಕೆ. ಹಾಗಿರುವಾಗ ‘ಮಾಡು’ ಎಂಬ ಸಾಮಾನ್ಯ ಧಾತು ಇಲ್ಲಿ ಮಾಡುತ್ತಿರುವ ಕೆಲಸವೇನು?

ಉತ್ತರ ವಚನದ ಒಳಗೇ ಇದೆ. ಸಿರಿವಂತರ ವಿಷಯದಲ್ಲಿ ನಿಶ್ಚಯವಾಗಿ ಬಂದ ‘ಮಾಡು’ ಧಾತು ಮರುಕ್ಷಣವೇ ಬಡವನ ಬಾಯಲ್ಲಿ ಪ್ರಶ್ನೆಯಾಗಿ ಮರಳುತ್ತದೆ. ಅವರು ಮಾಡುವುದು ಉಂಟು, ಇವನು ಮಾಡುವುದಾದರೂ ಏನನ್ನು? ‘ಕಟ್ಟು’ ಎಂದು ಹಾಡಿದಾಗ ಈ ಮರುದನಿ ತಪ್ಪಿಹೋಗುತ್ತದೆ, ಪ್ರಶ್ನೆ ಕೇವಲ ಅಸಹಾಯಕನ ಉದ್ಗಾರವಾಗುತ್ತದೆ. ‘ಮಾಡು’ ಉಳಿದರೆ ಆ ಪ್ರಶ್ನೆ ಸಿರಿವಂತರ ಕ್ರಿಯೆಯನ್ನೇ ಹಿಡಿದು ಕೇಳಿದ ಪ್ರಶ್ನೆಯಾಗುತ್ತದೆ. ಇದಾದ ಮೇಲೆ ಕಾಲು, ದೇಹ, ಶಿರಗಳನ್ನು ಕಂಬ, ದೇಗುಲ, ಕಳಸಗಳೊಡನೆ ಸಮೀಕರಿಸುವ ಭಾಗದಲ್ಲಿ ಕ್ರಿಯಾಪದವೇ ಇಲ್ಲ. ನಾಮಪದದ ಪಕ್ಕದಲ್ಲಿ ನಾಮಪದವನ್ನು ಇಟ್ಟು ವಾಕ್ಯವನ್ನು ಪೂರ್ಣಗೊಳಿಸುವ ಶಕ್ತಿ ಕನ್ನಡಕ್ಕಿದೆ, ವಚನಕಾರರು ಅದನ್ನು ಬಳಸಿಕೊಂಡಿದ್ದಾರೆ. ಮಾಡುವವರ ಗುಡಿಗೆ ಕ್ರಿಯಾಪದ ಬೇಕು. ಆಗಿರುವವನ ಗುಡಿಗೆ ಅದು ಬೇಡ.

‘ಮಾಡುವುದು’ ಮತ್ತು ‘ಇರುವುದು’ ಇವುಗಳ ವಿರೋಧವನ್ನು ಎ. ಕೆ. ರಾಮಾನುಜನ್ 1973ರಲ್ಲಿ ಪ್ರಕಟವಾದ ‘ಸ್ಪೀಕಿಂಗ್ ಆಫ್ ಶಿವ’ ಕೃತಿಯ ಪ್ರಸ್ತಾವನೆಯಲ್ಲಿ ಈಗಾಗಲೇ ಗುರುತಿಸಿದ್ದಾರೆ. 820 ಎಂಬ ಸಂಖ್ಯೆಯ ಈ ವಚನದಿಂದಲೇ ಅವರ ಚರ್ಚೆ ಬೆಳೆಯುತ್ತದೆ. ಅವರ ಒಳನೋಟಕ್ಕೆ ಇಲ್ಲಿ ಸೇರಿಸುತ್ತಿರುವುದು ಇಷ್ಟೇ: ಆ ವಿರೋಧವು ವಿಚಾರದ ಮಟ್ಟದಲ್ಲಿ ಮಾತ್ರವಲ್ಲದೆ ವ್ಯಾಕರಣದ ಮಟ್ಟದಲ್ಲಿಯೂ ನಡೆದಿದೆ. ಪಾಠಾಂತರವೊಂದನ್ನು ನಿರ್ಲಕ್ಷಿಸಿದ್ದರೆ ಅದು ಕಾಣುತ್ತಿರಲಿಲ್ಲ. ಮುದ್ರಿತ ಆವೃತ್ತಿಗಳಲ್ಲಿಯೂ ‘ಮಾಡುವರು’ ಎಂದೂ ‘ಮಾಡಿಹರು’ ಎಂದೂ ಎರಡು ರೂಪಗಳು ದೊರೆಯುತ್ತವೆ. ಮೊದಲನೆಯದು ಸಿರಿವಂತರ ಸ್ವಭಾವವನ್ನು ಹೇಳಿದರೆ, ಎರಡನೆಯದು ಅವರು ಮಾಡಿ ಮುಗಿಸಿ ನಿಲ್ಲಿಸಿರುವುದನ್ನು ತೋರುತ್ತದೆ. ಮುಗಿದು ನಿಂತದ್ದಕ್ಕೂ ಕೊನೆಯಲ್ಲಿ ಬರುವ ‘ಸ್ಥಾವರ’ಕ್ಕೂ ಇರುವ ನಂಟು ಎರಡನೆಯ ರೂಪದಲ್ಲಿ ಹೆಚ್ಚು ಬಿಗಿಯಾಗಿದೆ.

ಅಚ್ಚಿನ ಪುಟದಲ್ಲಿ ಪಾಠಾಂತರ ಅಡಿಟಿಪ್ಪಣಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಪಠ್ಯಪುಸ್ತಕದಲ್ಲಿ ಅದೂ ಇರುವುದಿಲ್ಲ. ಹೈಪರ್‌ಟೆಕ್ಸ್ಟ್‌ನಲ್ಲಿ ಒಂದು ಪದದ ಹಿಂದೆ ಅದರ ರೂಪಗಳೆಲ್ಲವೂ ಸಮಾನ ಸ್ಥಾನದಲ್ಲಿ ನಿಲ್ಲಬಲ್ಲವು, ಹಾಡಿಕೆಯ ರೂಪವೂ ಸೇರಿದಂತೆ. ವಚನವು ಓಲೆಗರಿಯಲ್ಲಿ ಉಳಿದಂತೆಯೇ ಜನರ ಬಾಯಲ್ಲಿಯೂ ಉಳಿದಿದೆ. ಬಾಯಿಯ ಪಾಠವನ್ನು ತಪ್ಪೆಂದು ತಳ್ಳದೆ, ಅದರಿಂದ ಏನನ್ನು ಕಳೆದುಕೊಂಡೆವು, ಏನನ್ನು ಪಡೆದೆವು ಎಂದು ಕೇಳುವುದು ಆಗ ಸಾಧ್ಯವಾಗುತ್ತದೆ. ಆ ವಿದ್ಯಾರ್ಥಿನಿಗೆ ಕೊಡಬೇಕಾಗಿದ್ದ ಉತ್ತರ ಇದೇ ಆಗಿತ್ತು.

5

ಇನ್ನೊಂದು ಕೊಂಡಿಯನ್ನು ಪರಿಶೀಲಿಸೋಣ. ವಚನದ ಮೊದಲ ಪದ ‘ಉಳ್ಳವರು’. ಇದರ ಅರ್ಥ ಸಿರಿವಂತರು ಎಂದು ಬರೆಸಿ ನಾವು ಮುಂದೆ ಸಾಗುತ್ತೇವೆ. ಪದವನ್ನು ನಿಘಂಟಿಗೆ ಜೋಡಿಸಿದರೆ ಅದರ ಮೂಲ ‘ಉಳ್’ ಎಂಬ ಧಾತು ಎಂದು ತಿಳಿಯುತ್ತದೆ. ಇರು, ಹೊಂದಿರು ಎಂಬುದು ಅದರ ಅರ್ಥ. ಇದೇ ಧಾತುವಿನಿಂದ ಬಂದ ಮತ್ತೊಂದು ರೂಪ ‘ಉಂಟು’. ಈ ‘ಉಂಟು’ ವಚನದ ಕೊನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಥಾವರಕ್ಕೆ ಅಳಿವು ಎಂಬುದು ಉಂಟು ಎಂದು ಹೇಳುವಲ್ಲಿ ಅದು ಬಂದಿದೆ.

ಹೀಗೆ ವಚನದ ಆದಿ ಮತ್ತು ಅಂತ್ಯಗಳು ಒಂದೇ ಧಾತುವಿನಿಂದ ಹೆಣೆದುಕೊಂಡಿವೆ. ಉಳ್ಳವರಿಗೆ ಇರುವುದು ಏನು? ಕೊನೆಗೆ ಅವರು ಮಾಡಿದ ಸ್ಥಾವರಕ್ಕೆ ಉಳಿಯುವುದು ಅಳಿವೊಂದೇ. ಇದರ ಎದುರಿಗೆ ಜಂಗಮದ ಪಾಲಿಗೆ ಬರುವುದು ‘ಇಲ್ಲ’ ಎಂಬ ಪದ. ಲೋಕದ ಲೆಕ್ಕದಲ್ಲಿ ‘ಇಲ್ಲ’ ಎಂಬುದು ಬಡವನ ಪದ. ಅದೇ ಪದ ಇಲ್ಲಿ ಅಳಿವಿನ ಅಭಾವವನ್ನು ಹೇಳುವ ಪದವಾಗಿ ಮೇಲೇರಿದೆ. ಇರುವಿಕೆ ನಷ್ಟವಾಗಿಯೂ ಇಲ್ಲದಿರುವಿಕೆ ಲಾಭವಾಗಿಯೂ ತಿರುಗಿಬೀಳುವ ಈ ಲೆಕ್ಕಾಚಾರವನ್ನು ವಚನವು ಒಂದು ತತ್ತ್ವವನ್ನಾಗಿ ಘೋಷಿಸುವುದಿಲ್ಲ. ದಿನಬಳಕೆಯ ಎರಡು ಪದಗಳಿಗೆ ಅದನ್ನು ಒಪ್ಪಿಸಿಬಿಡುತ್ತದೆ. ‘ಹೊನ್ನು’ ಎಂಬ ಪದವನ್ನೂ ಇದರೊಡನೆ ನೋಡಬೇಕು. ಇಡೀ ವಚನದಲ್ಲಿ ಸಂಪತ್ತನ್ನು ನೇರವಾಗಿ ಹೆಸರಿಸುವ ಪದ ಅದೊಂದೇ, ಅದು ಬಂದಿರುವುದು ಬಡವನ ತಲೆಯ ಮೇಲಣ ಕಳಸಕ್ಕೆ. ಸಿರಿವಂತರ ಕಟ್ಟಡ ‘ಶಿವಾಲಯ’ ಎಂಬ ಸಂಸ್ಕೃತ ಸಮಾಸದಲ್ಲಿದ್ದರೆ, ಬಡವನ ಮೈ ‘ದೇವಕುಲ’ದ ತದ್ಭವವಾದ ‘ದೇಗುಲ’ ಎಂಬ ಆಡುನುಡಿಯಲ್ಲಿದೆ ಎಂಬುದೂ ಆಕಸ್ಮಿಕವೆನಿಸುವುದಿಲ್ಲ.

ಬಸವಣ್ಣನವರು ಇದನ್ನೆಲ್ಲ ಉದ್ದೇಶಪೂರ್ವಕವಾಗಿ ಮಾಡಿದರೇ ಎಂಬ ಪ್ರಶ್ನೆ ಏಳುತ್ತದೆ. ‘ಉಂಟು’ ಮತ್ತು ‘ಇಲ್ಲ’ ಇಲ್ಲದೆ ಕನ್ನಡದಲ್ಲಿ ಮಾತೇ ಸಾಗದು, ಹಾಗಾಗಿ ಇದು ಅತಿವ್ಯಾಖ್ಯಾನ ಎಂದು ಯಾರಾದರೂ ಹೇಳಬಹುದು. ಆಕ್ಷೇಪ ನ್ಯಾಯವಾದುದು, ಅದಕ್ಕೆ ಉತ್ತರಿಸುವ ದಾರಿಯೂ ಇದೆ. ಬಸವಣ್ಣನವರ ಇತರ ವಚನಗಳಲ್ಲಿ ‘ಉಳ್ಳ’, ‘ಉಂಟು’, ‘ಇಲ್ಲ’ ಪದಗಳು ಬಂದ ಕಡೆಗಳನ್ನೆಲ್ಲ ತೆಗೆದು, ಅವು ಎದುರುಬದುರಾಗಿ ನಿಲ್ಲುವುದು ರೂಢಿಯೇ ವಿರಳವೇ ಎಂದು ನೋಡಬಹುದು. ಹಿಂದೆ ಒಬ್ಬ ವಿದ್ವಾಂಸನ ಅನೇಕ ತಿಂಗಳ ಶ್ರಮವನ್ನು ಬೇಡುತ್ತಿದ್ದ ಈ ಕೆಲಸವನ್ನು ಇಂದು ವಿದ್ಯಾರ್ಥಿಗಳ ಒಂದು ಗುಂಪು ಒಂದು ಮಧ್ಯಾಹ್ನದಲ್ಲಿ ಆರಂಭಿಸಬಲ್ಲುದು. ಒಂದು ಓದನ್ನು ಮುಂದಿಡುವುದು, ಅದನ್ನು ಕೆಡಹಬಲ್ಲ ಸಾಕ್ಷ್ಯವನ್ನೂ ತಾನೇ ಹುಡುಕುವುದು, ಇದು ಸಂಶೋಧನೆಯ ಮೊದಲ ಸಂಸ್ಕಾರ. ತಾತ್ಪರ್ಯವನ್ನು ಬರೆದುಕೊಳ್ಳುವ ತರಗತಿಯಲ್ಲಿ ಈ ಸಂಸ್ಕಾರಕ್ಕೆ ಎಡೆಯಿಲ್ಲ.

ಮೇಲಿನ ಎರಡು ಕೊಂಡಿಗಳೂ ಹೊರಗೆ ಹೋಗಿ ಒಳಗೆ ಮರಳಿದವು. ಒಂದು ಪಾಠಾಂತರದ ಮೂಲಕ, ಇನ್ನೊಂದು ನಿಘಂಟಿನ ಮೂಲಕ ಸಾಗಿದರೂ ಎರಡೂ ತಲಪಿದ್ದು ವಚನದ ಇನ್ನೊಂದು ಪದವನ್ನು. ಇವುಗಳನ್ನು ಮರಳುವ ಕೊಂಡಿಗಳೆಂದು ಕರೆಯಬಹುದು.

6

ಎಲ್ಲ ಕೊಂಡಿಗಳೂ ಹೀಗೆ ಮರಳುವುದಿಲ್ಲ. ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ತೆಗೆದುಕೊಳ್ಳೋಣ. ಇದಕ್ಕೆ ಕೊಂಡಿ ಹಾಕಿದರೆ ವಿದ್ಯಾರ್ಥಿಯು ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮಕ್ಕೆ ಹೋಗುತ್ತಾನೆ. ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಎಡೆ, ಸಂಗಮೇಶ್ವರ ದೇವಾಲಯ, ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಬಾವಿಯಂತೆ ಸುತ್ತುಗೋಡೆ ಕಟ್ಟಿ ಉಳಿಸಿಕೊಂಡಿರುವ ಐಕ್ಯಮಂಟಪ ಇವುಗಳ ಚಿತ್ರಗಳನ್ನು ನೋಡುತ್ತಾನೆ. ಅಲ್ಲಿಂದ ಬಿಜ್ಜಳನ ಕಲ್ಯಾಣಕ್ಕೆ, ಹರಿಹರನ ಬಸವರಾಜದೇವರ ರಗಳೆಗೆ, ಬಸವಣ್ಣನವರ ಹೆಸರನ್ನು ಹೇಳುವ 1260ರ ಅರ್ಜುನವಾಡ ಶಾಸನಕ್ಕೆ ಸಾಗಬಹುದು. ಎಲ್ಲವೂ ತಿಳಿಯತಕ್ಕ ಸಂಗತಿಗಳೇ. ಆದರೆ ಗಂಟೆ ಮುಗಿಯುವ ಹೊತ್ತಿಗೆ ವಚನ ಎಲ್ಲೋ ಹಿಂದೆ ಉಳಿದಿರುತ್ತದೆ. ಇದು ಮರಳದ ಕೊಂಡಿ.

ಆದರೆ ಇದೇ ಕೊಂಡಿಯನ್ನು ಒಂದು ಪ್ರಶ್ನೆಯೊಡನೆ ಇಟ್ಟರೆ ಅದು ಮರಳುತ್ತದೆ. ದೇವಾಲಯವನ್ನು ಬದಿಗಿರಿಸುವ ವಚನವೊಂದು ದೇವಾಲಯವೊಂದರ ದೇವರ ಹೆಸರನ್ನೇ ಅಂಕಿತವಾಗಿ ಉಳಿಸಿಕೊಂಡಿರುವುದೇಕೆ? ಹೀಗೆ ಕೇಳಿದೊಡನೆ ಸಂಗಮದ ಕಲ್ಲಿನ ಗುಡಿ ಪ್ರವಾಸಿ ಚಿತ್ರವಾಗಿ ಉಳಿಯದೆ ವಚನದ ಒಳಗಣ ಇಕ್ಕಟ್ಟಾಗುತ್ತದೆ. ಸಂಗಮ ಎಂಬುದು ಕೂಡುವ ನೀರಿನ ಹೆಸರು, ಅಂದರೆ ಚಲನೆಯ ಹೆಸರು. ಸ್ಥಾವರವಾದ ಗುಡಿಯಿಂದ ಜಂಗಮವಾದ ಹೆಸರೊಂದನ್ನು ಎತ್ತಿಕೊಂಡು ಬಂದಂತಾಗಿದೆ. ಇನ್ನೂ ಒಂದು ಸಂಗತಿ ಆಗ ಕಾಣುತ್ತದೆ. ಸಾಮಾನ್ಯವಾಗಿ ವಚನದ ಕೊನೆಯಲ್ಲಿ ನಿಲ್ಲುವ ಅಂಕಿತ ಇಲ್ಲಿ ಕೊನೆಯ ಸೂತ್ರವಾಕ್ಯಕ್ಕೆ ಮೊದಲೇ ಬಂದಿದೆ, ಅದರೊಡನೆ ‘ಕೇಳು’ ಎಂಬ ವಿಧಿರೂಪವಿದೆ. ಸ್ಥಾವರಕ್ಕೆ ಅಳಿವುಂಟೆಂಬ ಮಾತನ್ನು ಇಲ್ಲಿ ಕೇಳಬೇಕಾದವರು ಸಿರಿವಂತರಲ್ಲ, ಗುಡಿಯ ದೇವರೇ. ಬೇಡಿಕೆಯ ದನಿಯಲ್ಲಿ ಮೊದಲಾದ ಬಡವನ ಮಾತು ದೇವರಿಗೆ ತಿಳಿಹೇಳುವ ಮಾತಾಗಿ ಮುಗಿಯುತ್ತದೆ. ಇದು ಉಪದೇಶದ ವಚನವೆಂದು ಬರೆಯುವವರು ಉಪದೇಶ ಯಾರಿಗೆ ಎಂಬುದನ್ನು ಗಮನಿಸುವುದಿಲ್ಲ.

ಅನುವಾದದ ಕೊಂಡಿಯೂ ಹೀಗೆಯೇ. ‘ಸ್ಥಾವರ’ದಲ್ಲಿ ನಿಲ್ಲುವ, ‘ಜಂಗಮ’ದಲ್ಲಿ ಚಲಿಸುವ ಸಂಸ್ಕೃತ ಧಾತುಗಳಿವೆ. ರಾಮಾನುಜನ್ ಇಂಗ್ಲಿಷಿನಲ್ಲಿ ನಿಲುವು ಮತ್ತು ಚಲನೆಯ ಪದಗಳನ್ನೇ ಆರಿಸಿ ಈ ಧಾತ್ವರ್ಥವನ್ನು ಉಳಿಸಿಕೊಂಡರು. ಅದರಿಂದ ದೊರೆತ ವಿರೋಧಾಭಾಸದ ಹೊಳಪು ಅಪೂರ್ವವಾದುದು. ಆದರೆ ಸ್ಥಾವರಲಿಂಗ, ಇಷ್ಟಲಿಂಗ ಎಂಬ ಭೇದವನ್ನೂ, ಊರೂರು ತಿರುಗುವ ವಿರಕ್ತನಾದ ಜಂಗಮನನ್ನೂ ಆ ಪದಗಳು ತಾವಾಗಿ ಒಳಗೊಳ್ಳಲಾರವು, ಅದಕ್ಕಾಗಿ ಅವರು ಪ್ರಸ್ತಾವನೆಯನ್ನು ಬರೆಯಬೇಕಾಯಿತು. ‘ಉಳ್ಳವರು’ ಎಂಬುದಕ್ಕೆ ಸಿರಿವಂತರು ಎಂಬರ್ಥದ ಪದವನ್ನು ಇಟ್ಟಾಗ ‘ಉಂಟು’ವಿನ ಮರುದನಿಯೂ ಹೋಗುತ್ತದೆ. ಮೂಲ ಮತ್ತು ಅನುವಾದಗಳನ್ನು ಒಂದೇ ಪರದೆಯಲ್ಲಿ ಎದುರುಬದುರಾಗಿ ಇಡುವುದರ ಪ್ರಯೋಜನ ಅನುವಾದಕನ ತಪ್ಪನ್ನು ಹಿಡಿಯುವುದರಲ್ಲಿಲ್ಲ. ಅನುವಾದದಲ್ಲಿ ತಪ್ಪಿಹೋದುದನ್ನು ಗುರುತಿಸುವ ಮೂಲಕ ಮೂಲದಲ್ಲಿ ಏನಿತ್ತೆಂಬುದನ್ನು ಮೊದಲ ಬಾರಿಗೆ ಕಾಣುವುದರಲ್ಲಿದೆ.

7

ಇಂತಹ ಓದಿಗೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಇದೆಯೇ? ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದಂದಿನಿಂದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಂದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದವರೆಗೆ ಸಂಪಾದನೆಯ ದೊಡ್ಡ ಪರಂಪರೆಯಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, 1894ರ ಕಿಟ್ಟೆಲ್ ನಿಘಂಟುಗಳಿವೆ. ‘ವಚನ ಸಂಚಯ’ದಂತಹ ಪ್ರಯತ್ನಗಳಿಂದ ವಚನಗಳ ಪಠ್ಯವನ್ನು ಅಂತರ್ಜಾಲದಲ್ಲಿ ಪದಪದವಾಗಿ ಹುಡುಕುವುದೂ ಸಾಧ್ಯವಾಗಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದ್ದರೂ, ಬಹುಕಾಲ ನಾವು ಫಾಂಟ್‌ಗಳಿಗೆ ಅಂಟಿಕೊಂಡ ಸಂಕೇತಗಳಲ್ಲಿಯೇ ಬೆರಳಚ್ಚು ಮಾಡಿದೆವು. ಅಂಥ ಪಠ್ಯ ಅಚ್ಚಿಗೆ ಸಾಕು, ಹುಡುಕುವುದಕ್ಕೂ ಜೋಡಿಸುವುದಕ್ಕೂ ಸಾಲದು.

ಅಕ್ಷರದ ತೊಡಕು ಬಗೆಹರಿದ ಮೇಲೂ ಭಾಷೆಯ ತೊಡಕು ಉಳಿಯುತ್ತದೆ. ‘ಉಳ್ಳವರು’ ಎಂದು ಹುಡುಕಿದರೆ ಯಂತ್ರವು ‘ಉಂಟು’ವನ್ನು ತರುವುದಿಲ್ಲ, ಅಕ್ಷರಗಳು ಬೇರೆಯಾದ್ದರಿಂದ ಅದಕ್ಕೆ ಎರಡೂ ಬೇರೆ ಪದಗಳು. ನಮ್ಮ ವಚನದ ಕೊನೆಯಲ್ಲಿ ಸ್ಥಾವರ, ಅಳಿವು, ಉಂಟು ಎಂಬ ಮೂರು ಪದಗಳು ಎರಡು ಲೋಪಸಂಧಿಗಳಿಂದ ಬೆಸೆದು ಒಂದೇ ಪದದಂತೆ ನಿಂತಿವೆ. ಕೊಂಡಿಯನ್ನು ಅಲ್ಲಿ ಎಲ್ಲಿ ಇಡುವುದು? ಬಿಡಿಸದೆ ಇಡುವಂತಿಲ್ಲ, ಬಿಡಿಸಬೇಕಾದರೆ ಸಂಧಿಕಾರ್ಯ ತಿಳಿದಿರಬೇಕು. ಹಳೆಯ ಪದಚ್ಛೇದವೇ ಇಲ್ಲಿ ಹೊಸ ಅಗತ್ಯವಾಗಿ ಮರಳಿ ಬರುತ್ತದೆ. ಪರೀಕ್ಷೆಯ ಎರಡು ಅಂಕಗಳ ಪ್ರಶ್ನೆಯಾಗಿ ಬೇಸರ ತರಿಸುತ್ತಿದ್ದ ವ್ಯಾಕರಣ, ಅರ್ಥದ ಬಾಗಿಲನ್ನು ತೆರೆಯುವ ಸಾಧನವಾಗಿ ವಿದ್ಯಾರ್ಥಿಗೆ ಕಂಡರೆ ಅದು ಸಣ್ಣ ಲಾಭವಲ್ಲ.

ತರಗತಿಯಲ್ಲಿ ಅನುಸರಿಸಬಹುದಾದ ಕ್ರಮವನ್ನು ಸಂಗ್ರಹವಾಗಿ ಹೇಳುವುದಾದರೆ, ಮೊದಲು ಯಾವ ಕೊಂಡಿಯೂ ಇಲ್ಲದ ವಚನವನ್ನು ಗಟ್ಟಿಯಾಗಿ, ಒಂದಕ್ಕಿಂತ ಹೆಚ್ಚು ಬಾರಿ ಓದಬೇಕು. ಅನಂತರ ಪ್ರತಿ ವಿದ್ಯಾರ್ಥಿಯೂ ಮೂರಕ್ಕೆ ಮೀರದಂತೆ ಪದಗಳನ್ನು ಆರಿಸಿ ಕೊಂಡಿ ಹಾಕಬೇಕು. ಈ ಮಿತಿ ಮುಖ್ಯ, ಎಲ್ಲ ಪದಗಳಿಗೂ ಕೊಂಡಿ ಹಾಕುವುದು ಯಾವುದಕ್ಕೂ ಹಾಕದಿರುವುದಕ್ಕೆ ಸಮ. ಪ್ರತಿ ಕೊಂಡಿಯೊಡನೆ ಅದು ಏಕೆ ಇಲ್ಲಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಆ ವಾಕ್ಯದಲ್ಲಿ ವಚನದ ಇನ್ನೊಂದು ಪದ ಬರಲೇಬೇಕು ಎಂಬುದು ನಿಯಮ. ಈ ನಿಯಮವೊಂದೇ ಮರಳದ ಕೊಂಡಿಗಳನ್ನು ಬಹುಮಟ್ಟಿಗೆ ಸೋಸಿಬಿಡುತ್ತದೆ. ಕಡೆಗೆ ಕೊಂಡಿಗಳನ್ನೆಲ್ಲ ಮುಚ್ಚಿ ವಚನವನ್ನು ಮತ್ತೊಮ್ಮೆ ಓದಬೇಕು. ಮೊದಲ ಓದಿಗೂ ಈ ಓದಿಗೂ ನಡುವೆ ಏನು ಬದಲಾಯಿತು ಎಂಬುದೇ ಬರೆಯಬೇಕಾದ ಉತ್ತರ.

8

ಗಣಕಯಂತ್ರಗಳಿಲ್ಲದ, ವಿದ್ಯುತ್ತು ನೆಚ್ಚಲಾಗದ ಕಾಲೇಜುಗಳಲ್ಲಿ ಇದೆಲ್ಲ ಹೇಗೆ ಎಂದು ಕೇಳಬಹುದು. ಮೇಲೆ ಹೇಳಿದ ಕ್ರಮದಲ್ಲಿ ಯಂತ್ರವಿಲ್ಲದೆ ನಡೆಯದ ಹೆಜ್ಜೆ ಪದಪ್ರಯೋಗಗಳ ಹುಡುಕಾಟ ಒಂದೇ, ಅದನ್ನೂ ಅಧ್ಯಾಪಕನು ಮೊದಲೇ ಮಾಡಿ ತರಬಹುದು. ಕಪ್ಪುಹಲಗೆಯ ನಡುವೆ ವಚನವನ್ನು ಬರೆದು, ಪದದಿಂದ ಪದಕ್ಕೆ ಬಣ್ಣದ ಸೀಮೆಸುಣ್ಣದಿಂದ ಗೆರೆ ಎಳೆದರೆ ‘ಉಳ್ಳವರು’ ಮತ್ತು ‘ಉಂಟು’ ಕೂಡುವುದನ್ನು ಕೊನೆಯ ಬೆಂಚಿನವನೂ ನೋಡಬಲ್ಲನು. ಕೊಂಡಿ ಎಂಬುದು ಮೊದಲು ಒಂದು ಯೋಚನೆ, ಆಮೇಲೆ ಒಂದು ಯಂತ್ರಸೌಕರ್ಯ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ವಚನ ಸಾಹಿತ್ಯ ಭಕ್ತರಿಗೆ ಪಠ್ಯವಲ್ಲ, ಅನುಭಾವದ ನುಡಿ. ಅದನ್ನು ಪದಪದವಾಗಿ ಕತ್ತರಿಸಿ ಜೋಡಿಸುವುದರಿಂದ ಅದರ ಪಾವಿತ್ರ್ಯಕ್ಕೆ ಧಕ್ಕೆಯಾಗದೇ? ವಚನಕಾರರ ಮಾತನ್ನು ಬಿಡಿಸಿ ಜೋಡಿಸಿದವರಲ್ಲಿ ಮೊದಲಿಗರು ಆ ಪರಂಪರೆಯ ಭಕ್ತರೇ ಎಂಬುದನ್ನು ಶೂನ್ಯಸಂಪಾದನೆ ತೋರಿಸುತ್ತದೆ. ಗೌರವಕ್ಕೂ ಸೂಕ್ಷ್ಮವಾದ ಓದಿಗೂ ವಿರೋಧವಿಲ್ಲ. ವಿರೋಧವಿರುವುದು ಗೌರವಕ್ಕೂ ಓದದೆಯೇ ಒಪ್ಪಿಕೊಳ್ಳುವುದಕ್ಕೂ.

ಇಂದು ಒಂದು ವಚನದ ಅರ್ಥವನ್ನು ಕೇಳಿದೊಡನೆ ಅಂಗೈಯಲ್ಲಿನ ಫೋನು ಅಚ್ಚುಕಟ್ಟಾದ ತಾತ್ಪರ್ಯವನ್ನು ಕೊಡುತ್ತದೆ. ತಾತ್ಪರ್ಯವನ್ನು ಹೇಳುವ ಅಧ್ಯಾಪಕನ ಕೆಲಸ ಆ ಮಟ್ಟಿಗೆ ಮುಗಿದಿದೆ, ಅದಕ್ಕಾಗಿ ಮರುಗಬೇಕಾಗಿಲ್ಲ. ಸಿದ್ಧ ತಾತ್ಪರ್ಯವೂ ಒಂದು ಬಗೆಯ ಸ್ಥಾವರವೇ. ಅದನ್ನು ಮಾಡಿ ನಿಲ್ಲಿಸಲು ಉಳ್ಳವರು ಅನೇಕರಿದ್ದಾರೆ. ಒಂದು ಪದದಿಂದ ಇನ್ನೊಂದು ಪದಕ್ಕೆ ತಾನೇ ನಡೆದುಹೋಗಿ ಮರಳಿದ ವಿದ್ಯಾರ್ಥಿಯ ಓದು ಮಾತ್ರ ಅವನೊಡನೆ ಚಲಿಸುತ್ತದೆ, ಮುಂದಿನ ವಚನಕ್ಕೂ ಜೊತೆಯಾಗುತ್ತದೆ. ತರಗತಿಯಲ್ಲಿ ಸಾಹಿತ್ಯವನ್ನು ಓದಿಸುವವರು ಉಳಿಸಿಕೊಳ್ಳಬೇಕಾದುದು ಆ ನಡಿಗೆಯನ್ನು.